ಹಗಲಿನ ಪ್ರೊಜೆಕ್ಟರ್‌ಗೆ ಪೇಂಟ್: ಮೊದಲು ಯಾವ ಗೋಡೆಗೆ?

ಪ್ರೊಜೆಕ್ಟರ್ ಕೂರಿಸಿಕೊಡುವ ನನ್ನ ಕೆಲಸದಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು: “ಸಾರ್, ಗೋಡೆಗೆ ಗ್ರೇ ಪೇಂಟ್ ಹೊಡೆಸಿದ್ರೆ ಹಗಲಲ್ಲೂ ಚೆನ್ನಾಗಿ ಕಾಣತ್ತಂತೆ, ಹೌದಾ?” ಕೇಳುವವರ ಆಸೆ ನ್ಯಾಯವಾದದ್ದೇ. ನಮ್ಮಲ್ಲಿ ಟೆಸ್ಟ್ ಪಂದ್ಯ ಶುರುವಾಗುವುದು ಬೆಳಿಗ್ಗೆ 9.30ಕ್ಕೆ, ಐಪಿಎಲ್‌ನ ಮಧ್ಯಾಹ್ನದ ಪಂದ್ಯ 3.30ಕ್ಕೆ. ಭಾನುವಾರ ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದು ಮಧ್ಯಾಹ್ನದ ಊಟ ಮುಗಿದ ಮೇಲೆ. ಅಷ್ಟು ದುಡ್ಡು ಕೊಟ್ಟು ತಂದ ಪ್ರೊಜೆಕ್ಟರನ್ನು ರಾತ್ರಿ ಎಂಟರವರೆಗೆ ಬಟ್ಟೆ ಮುಚ್ಚಿ ಇಡಬೇಕೆಂದರೆ ಯಾರಿಗಾದರೂ ಬೇಸರವೇ. ಹಗಲು ಬೆಳಕನ್ನು ತಡೆಯುವ ಸಿದ್ಧ ಸ್ಕ್ರೀನ್‌ಗಳಿವೆ, ಆದರೆ ಎಷ್ಟೋ ಸಲ ಅವುಗಳ ಬೆಲೆ ಪ್ರೊಜೆಕ್ಟರಿನ ಬೆಲೆಯನ್ನೇ ಮೀರುತ್ತದೆ. ಒಂದು ಲೀಟರ್ ಪೇಂಟಿನಲ್ಲಿ ಕೆಲಸ ಆಗುವುದಾದರೆ ಬೇಡವೆನ್ನುವವರು ಯಾರು?

ನಾನು ಕೊಡುವ ಉತ್ತರ: ಗ್ರೇ ಪೇಂಟ್ ಹೊಡೆಸಿ, ಆದರೆ ಸ್ಕ್ರೀನಿಗೆ, ಅಂದರೆ ಚಿತ್ರ ಬೀಳುವ ಗೋಡೆಗೆ, ಕೊನೆಗೆ. ಮೊದಲು ಅದರ ಎದುರಿನ ಗೋಡೆಗೆ ಗಾಢ ಬಣ್ಣ.

ಯಾಕೆಂದು ಹೇಳುತ್ತೇನೆ. ಪ್ರೊಜೆಕ್ಟರ್ ಕಪ್ಪನ್ನು ಎಸೆಯಲಾರದು, ಬೆಳಕನ್ನಷ್ಟೇ ಎಸೆಯಬಲ್ಲದು. ಚಿತ್ರದಲ್ಲಿ ಕಪ್ಪಿರುವ ಕಡೆ ಅದು ಸುಮ್ಮನಿರುತ್ತದೆ. ಹಾಗಾಗಿ ಪ್ರೊಜೆಕ್ಟರ್ ಆಫ್ ಮಾಡಿದಾಗ ನಿಮ್ಮ ಸ್ಕ್ರೀನ್ ಎಷ್ಟು ಬೆಳ್ಳಗೆ ಕಾಣುತ್ತದೋ, ಸಿನಿಮಾದ ಕಗ್ಗತ್ತಲೂ ಅಷ್ಟೇ ಬೆಳ್ಳಗಿರುತ್ತದೆ. ನಾಯಕಿಯ ಕೂದಲು, ರಾತ್ರಿಯ ಆಕಾಶ, ಕಾರಿನ ಟೈರು ಎಲ್ಲವೂ ಆ ಬಣ್ಣದ್ದೇ. ಹಗಲಿನ ತೊಂದರೆಯ ಮೂಲ ಇದು.

ಈಗ ಸ್ವಲ್ಪ ಲೆಕ್ಕ. ನಿಜವಾದ 3000 ಲುಮೆನ್ (ಹೊರಬರುವ ಒಟ್ಟು ಬೆಳಕಿನ ಅಳತೆ) ಬೆಳಕು ಕೊಡುವ ಪ್ರೊಜೆಕ್ಟರನ್ನು 100 ಇಂಚಿನ ಸ್ಕ್ರೀನಿಗೆ ಬಿಟ್ಟಿದ್ದೀರಿ ಎನ್ನೋಣ. ಆ ಸ್ಕ್ರೀನಿನ ವಿಸ್ತೀರ್ಣ ಸುಮಾರು 2.75 ಚದರ ಮೀಟರ್, ಅಂದರೆ ಅದರ ಮೇಲೆ ಬೀಳುವ ಬೆಳಕು ಸುಮಾರು 1,100 ಲಕ್ಸ್ (ಒಂದು ಚದರ ಮೀಟರಿಗೆ ಅಷ್ಟು ಲುಮೆನ್). ಕಿಟಕಿ ತೆರೆದ ಹಾಲ್‌ನಲ್ಲಿ ಅದೇ ಗೋಡೆಯ ಮೇಲೆ ಹಗಲು ಬೆಳಕು 300 ಲಕ್ಸ್ ಇದೆ ಎಂದುಕೊಳ್ಳಿ. ಚಿತ್ರದ ಬಿಳಿ 1,400, ಕಪ್ಪು 300. ಬಿಳಿಗೂ ಕಪ್ಪಿಗೂ ಇರುವ ಅನುಪಾತ, ಅಂದರೆ ಕಾಂಟ್ರಾಸ್ಟ್, 5:1 ಕೂಡ ಇಲ್ಲ. ಇನ್ನು ಬೆಳಕಿನ 60 ಶೇಕಡಾ ಮಾತ್ರ ವಾಪಸು ಕೊಡುವ ಗ್ರೇ ಪೇಂಟ್ ಬಳಿಯಿರಿ. ಬಿಳಿ 840ಕ್ಕೆ ಇಳಿಯುತ್ತದೆ, ಕಪ್ಪು 180ಕ್ಕೆ. ಭಾಗಿಸಿ ನೋಡಿ, ಅನುಪಾತ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಹೊಳಪಿಲ್ಲದ ಮ್ಯಾಟ್ ಪೇಂಟಿಗೆ ಇದು ಕಿಟಕಿಯಿಂದ ಬಂದ ಬೆಳಕು, ಇದು ಪ್ರೊಜೆಕ್ಟರಿನಿಂದ ಬಂದ ಬೆಳಕು ಎಂಬ ಭೇದ ಗೊತ್ತಿಲ್ಲ. ಎರಡನ್ನೂ ಸಮನಾಗಿ ಕಡಿಮೆ ಮಾಡುತ್ತದೆ.

ಆಡಿಯೋ-ವಿಡಿಯೋ ಉದ್ಯಮದವರ ಸಂಘವಾದ ಅಮೆರಿಕದ ಇನ್ಫೋಕಾಮ್ 2011ರಲ್ಲಿ ಈ ಅನುಪಾತಕ್ಕೊಂದು ಮಾನದಂಡ ರೂಪಿಸಿತು. ಸುಮ್ಮನೆ ಕೂತು ನೋಡುವ ಪಾಠ, ಪ್ರಕಟಣೆಗಳಿಗೆ 7:1 ಸಾಕು. ಪರದೆ ಮೇಲಿನ ಮಾಹಿತಿ ಓದಿ ಸಾಮಾನ್ಯ ನಿರ್ಧಾರ ಮಾಡಬೇಕಾದಲ್ಲಿ 15:1, ನಕ್ಷೆಯ ಸೂಕ್ಷ್ಮ ಗೆರೆಗಳನ್ನು ಗಮನಿಸಬೇಕಾದಲ್ಲಿ 50:1, ಸಿನಿಮಾ ಥರದ ವಿಡಿಯೋಗೆ 80:1. ಮೇಲಿನ ಹಾಲ್ ಏಳನ್ನೂ ಮುಟ್ಟಲಿಲ್ಲ. ಅದೇ ಹಾಲ್‌ನಲ್ಲಿ ದಪ್ಪ ಕರ್ಟನ್ ಎಳೆದು 300 ಲಕ್ಸನ್ನು 40ಕ್ಕೆ ಇಳಿಸಿದರೆ ಅನುಪಾತ 28:1 ದಾಟುತ್ತದೆ. ಕ್ರಿಕೆಟ್ ನೋಡಲು ಅದು ಧಾರಾಳ. ಹಸಿರು ಮೈದಾನ, ಬಿಳಿ ಉಡುಪು, ಬಿಸಿಲು, ಎಲ್ಲ ಬೆಳಕಿನ ಚಿತ್ರವೇ. ಇನ್ನಷ್ಟು ತಡೆದು 20 ಲಕ್ಸಿಗೆ ತಂದು, ಚಿತ್ರವನ್ನು 80 ಇಂಚಿಗೆ ಕುಗ್ಗಿಸಿದರೆ 80:1 ಕೂಡ ಕೈಗೆಟುಕುತ್ತದೆ. ಯಾಕೆಂದರೆ ಅದೇ 3000 ಲುಮೆನ್ 80 ಇಂಚಿನಲ್ಲಿ ಸುಮಾರು 1,700 ಲಕ್ಸ್ ಆಗುತ್ತದೆ. ಹಗಲಿನಲ್ಲಿ ನೋಡುವವರಿಗೆ ಚಿತ್ರ ಚಿಕ್ಕದು ಮಾಡಿ ಎಂದು ಹೇಳಲು ನನಗೆ ಸಂಕೋಚವಿಲ್ಲ. ಜೂಮ್ ಉಂಗುರ ತಿರುಗಿಸುವುದಕ್ಕೆ ಖರ್ಚೂ ಇಲ್ಲ.

ಲುಮೆನ್ ಬಗ್ಗೆ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಪುಟ್ಟ ಪ್ರೊಜೆಕ್ಟರ್‌ಗಳ ಡಬ್ಬಿಯ ಮೇಲೆ ಬರೆದ ಸಾವಿರಾರು ಲುಮೆನ್ ನಂಬಬೇಡಿ. ಆನ್ಸಿ ಅಥವಾ ಐಎಸ್‌ಒ ಲುಮೆನ್ (ನಿಗದಿತ ಮಾನದಂಡದಂತೆ ಅಳೆದದ್ದು) ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಹಳೆಯದಾದಂತೆ ಬೆಳಕು ಇಳಿಯುತ್ತದೆ. ಕಂಪನಿಗಳು ಸಾಮಾನ್ಯವಾಗಿ ಲ್ಯಾಂಪಿನ ಆಯಸ್ಸು ಎಂದು ಹೇಳುವುದು ಬೆಳಕು ಅರ್ಧಕ್ಕೆ ಬರುವವರೆಗಿನ ಗಂಟೆಗಳನ್ನು.

ಹಾಗಾದರೆ ಗ್ರೇ ಪೇಂಟಿನಿಂದ ಲಾಭವೇ ಇಲ್ಲವೇ? ಇದೆ, ಎರಡು ಕಡೆ. ಪ್ರೊಜೆಕ್ಟರಿನ ಬೆಳಕು ಸ್ಕ್ರೀನಿಗೆ ಬಡಿದು ಕೋಣೆಯ ಬಿಳಿ ಗೋಡೆ, ಸೀಲಿಂಗಿಗೆ ಹೋಗಿ, ಅಲ್ಲಿಂದ ಮತ್ತೆ ಸ್ಕ್ರೀನಿಗೇ ಬರುತ್ತದೆ. ಚಿತ್ರದ ಕಪ್ಪು ಭಾಗಗಳನ್ನು ತೊಳೆದು ಹಾಕುವುದು ಈ ಅಲೆಮಾರಿ ಬೆಳಕು. ನೇರ ಚಿತ್ರ ಗ್ರೇ ಪೇಂಟಿಗೆ ಒಮ್ಮೆ ತಾಗಿ ಕಣ್ಣಿಗೆ ಬರುತ್ತದೆ. ಅಲೆದು ಬಂದ ಬೆಳಕು ಎರಡು ಸಲ ತಾಗಬೇಕು, ಎರಡು ಸಲ ತಗ್ಗಬೇಕು. ಅಷ್ಟರಮಟ್ಟಿಗೆ ಗ್ರೇ ಗೆಲ್ಲುತ್ತದೆ. ಎರಡನೆಯದು ಕಣ್ಣಿಗೆ ಸಂಬಂಧಿಸಿದ್ದು: ಸುತ್ತಲಿನ ಬಿಳಿ ಗೋಡೆಗಿಂತ ಸ್ಕ್ರೀನ್ ಕಪ್ಪಗಿದ್ದರೆ ಚಿತ್ರದ ಕಪ್ಪೂ ಕಪ್ಪಾಗಿ ತೋರುತ್ತದೆ. ಸುತ್ತ ಮೂರ್ನಾಲ್ಕು ಇಂಚು ಅಗಲದ ಕಪ್ಪು ವೆಲ್ವೆಟ್ ಪಟ್ಟಿ ಹಾಕಿದರೆ ಚಿತ್ರ ಇನ್ನಷ್ಟು ಎದ್ದು ಕಾಣುತ್ತದೆ. ಎರಡೂ ನಿಜವಾದ ಲಾಭಗಳೇ. ಆದರೆ ಕಿಟಕಿಯಿಂದ ನೇರ ಬೀಳುವ ಬೆಳಕಿನ ಎದುರು ಎರಡೂ ಸಾಲವು.

ಆದ್ದರಿಂದ ಮೊದಲು ಕೋಣೆ ನೋಡಿ. ಕಿಟಕಿಗೆ ಎದುರಾಗಿರುವ ಗೋಡೆ ಸ್ಕ್ರೀನಿಗೆ ಅತ್ಯಂತ ಕೆಟ್ಟ ಜಾಗ, ಆದರೆ ಬಹಳಷ್ಟು ಮನೆಗಳಲ್ಲಿ ಖಾಲಿ ಇರುವುದೂ ಅದೇ. ಪಕ್ಕದಿಂದ ಬೆಳಕು ಬರುವ ಗೋಡೆ ಪರವಾಗಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಕಿಟಕಿ ಇರುವ ಗೋಡೆಯೇ. ಕೇಳಿದವರಿಗೆ ಆಶ್ಚರ್ಯವಾಗುತ್ತದೆ, ಆದರೆ ಆ ಕಿಟಕಿಯ ಬೆಳಕು ತನ್ನದೇ ಗೋಡೆಯ ಮೇಲೆ ನೇರವಾಗಿ ಬೀಳಲಾರದು, ಎದುರಿನ ಗೋಡೆಗೆ ಬಡಿದು ವಾಪಸು ಬರಬೇಕು. ಕಣ್ಣಿಗೆ ಕುಕ್ಕದಂತೆ ಆ ಕಿಟಕಿಗೊಂದು ದಪ್ಪ ಕರ್ಟನ್ ಬೇಕು, ಅಷ್ಟೆ. ಮತ್ತೆ ಎದುರಿನ ಗೋಡೆ ಬಿಳಿಯಾಗಿದ್ದರೆ ಬಂದ ಬೆಳಕಿನ ಬಹುಪಾಲನ್ನು ಸ್ಕ್ರೀನಿನ ಕಡೆಗೆ ತಿರುಗಿಸುತ್ತದೆ. ಅದಕ್ಕೆ ಗಾಢ ಕಂದು, ಗಾಢ ನೀಲಿ, ಗಾಢ ಹಸಿರು, ಮನೆಯವರು ಒಪ್ಪುವ ಯಾವುದಾದರೂ ಮ್ಯಾಟ್ ಬಣ್ಣ ಬಳಿಸಿದರೆ ಹಾಗೆ ತಿರುಗಿ ಬರುವ ಬೆಳಕು ನಾಟಕೀಯವಾಗಿ ಕುಗ್ಗುತ್ತದೆ. ಪೇಂಟ್ ಬೇಡವೆಂದರೆ ಆ ಗೋಡೆಯುದ್ದ ಪುಸ್ತಕದ ಕಪಾಟು ನಿಲ್ಲಿಸಿ, ಅಥವಾ ಗಾಢ ಬಟ್ಟೆ ಇಳಿಬಿಡಿ. ಸೀಲಿಂಗಿಗೆ ಗಾಢ ಬಣ್ಣ ಎಂದರೆ ಮನೆಯ ಹಿರಿಯರು ಒಪ್ಪುವುದಿಲ್ಲ, ಗೊತ್ತು. ಸ್ಕ್ರೀನಿನಿಂದ ಮುಂದಕ್ಕೆ ನಾಲ್ಕೈದು ಅಡಿ ಮಾತ್ರ ಮಾಡಿಸಿದರೂ ಎದ್ದು ಕಾಣುವಷ್ಟು ವ್ಯತ್ಯಾಸವಾಗುತ್ತದೆ.

ಮಲೆನಾಡಿನ ಹೆಂಚಿನ ಮನೆಗಳಲ್ಲಿ ಬೆಳಕಿಗೆಂದು ಕೂರಿಸಿದ ಗಾಜಿನ ಹೆಂಚು, ಪಟ್ಟಣದ ಮನೆಗಳಲ್ಲಿ ಬಾಗಿಲ ಮೇಲಿನ ವೆಂಟಿಲೇಟರ್, ಇವೆರಡನ್ನು ಎಲ್ಲರೂ ಮರೆಯುತ್ತಾರೆ. ದೊಡ್ಡ ಕಿಟಕಿಗೆಲ್ಲ ಕರ್ಟನ್ ಹಾಕಿ, ಮೇಲಿಂದ ಸುರಿಯುವ ಈ ಬೆಳಕನ್ನು ಹಾಗೇ ಬಿಟ್ಟರೆ ಶ್ರಮವೆಲ್ಲ ಪೋಲು. ಫೋನಿನಲ್ಲಿ ಲಕ್ಸ್ ಅಳೆಯುವ ಆಪ್ ಹಾಕಿಕೊಳ್ಳಿ. ಪ್ರೊಜೆಕ್ಟರ್ ಆಫ್ ಮಾಡಿ, ಫೋನಿನ ಮುಖ ಕೋಣೆಯ ಕಡೆಗಿರುವಂತೆ ಬೆನ್ನನ್ನು ಗೋಡೆಗೆ ಒತ್ತಿ ಹಿಡಿದು, ಒಂದೊಂದೇ ಕಿಟಕಿ ಮುಚ್ಚುತ್ತ ಓದಿ. ಆಪ್ ತೋರಿಸುವ ಸಂಖ್ಯೆ ಕರಾರುವಾಕ್ಕಲ್ಲ, ಆದರೆ ಯಾವ ಕಿಟಕಿ ಎಷ್ಟು ಕೆಡಿಸುತ್ತಿದೆ ಎಂಬುದು ತಕ್ಷಣ ತಿಳಿಯುತ್ತದೆ.

ಇಷ್ಟಾದ ಮೇಲೆ ಸ್ಕ್ರೀನ್. ಗೋಡೆಯೋ ಹಲಗೆಯೋ ಎಂಬುದು ಊರಿನ ಮೇಲೆ ಹೋಗುತ್ತದೆ. ಬಯಲುಸೀಮೆಯ ಒಣ ಗೋಡೆಗೆ ನೇರ ಬಳಿಯಬಹುದು. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದಲ್ಲಿ ನೆನೆಯುವ ಹೊರಗೋಡೆಯಾದರೆ ಬೇಡ. ಎಷ್ಟು ಚೆನ್ನಾಗಿ ಬಳಿದರೂ ತೇವದಿಂದ ಉಪ್ಪು ಬಿಟ್ಟು ಹೊಪ್ಪಳಿಕೆ ಏಳುತ್ತದೆ. ಅಲ್ಲಿ 12 ಮಿಮೀ ಪ್ಲೈವುಡ್ ಒಳ್ಳೆಯದು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ನುಣುಪು ಹೆಚ್ಚು, ಆದರೆ ತೇವ ಕುಡಿದು ಉಬ್ಬುತ್ತದೆ. ಅಂಗಡಿಯಲ್ಲಿ ಸಿಗುವ 8×4 ಅಡಿಯ ಒಂದೇ ಹಾಳೆಯಲ್ಲಿ 98 ಇಂಚಿನ ಸ್ಕ್ರೀನ್ ಹೊರಡುತ್ತದೆ. ನೂರೇ ಬೇಕೆಂದು ಹಟ ಹಿಡಿದು ಎರಡು ತುಂಡು ಜೋಡಿಸಬೇಡಿ, ಆ ಸಂದು ಪ್ರತಿ ಚಿತ್ರದಲ್ಲೂ ಕಾಣುತ್ತದೆ. ಹಲಗೆಯ ಹಿಂಬದಿ, ಅಂಚುಗಳಿಗೂ ಪ್ರೈಮರ್ ಕೊಡಿ, ಇಲ್ಲದಿದ್ದರೆ ಒಂದೇ ಕಡೆ ಬಿಗಿದು ಬಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಮೇಲ್ಮೈಗೆ. ಹೊಸ ಗಾರೆಯಾದರೆ 28 ದಿನ ಬಿಡಿ. ಪುಟ್ಟಿ ಎರಡು ಕೋಟ್ ಎಳೆಸಿ, ಒಣಗಿದ ಮೇಲೆ 180, ಆಮೇಲೆ 320 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿಸಿ. ಉಜ್ಜುವಾಗ ಕೋಣೆಯ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಬಿಡಿ. ಕೈಗೆ ಸಿಗದ ಉಬ್ಬು ತಗ್ಗು ನೆರಳಾಗಿ ಏಳುತ್ತದೆ. ಗೋಡೆಗೆ ಅಂಟಿಕೊಂಡಂತೆ ಕೆಳಗಿನಿಂದ ಬೆಳಕು ಎಸೆಯುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರ್ ಮಾಡುವುದೂ ಇದನ್ನೇ. ಹಾಗಾಗಿ ಆ ಬಗೆಯ ಪ್ರೊಜೆಕ್ಟರ್ ಇರುವವರು ಗೋಡೆಗೆ ಪೇಂಟ್ ಬಳಿಯುವ ಆಲೋಚನೆ ಬಿಟ್ಟು, ಅದಕ್ಕೆಂದೇ ಮಾಡಿದ ಗೀರು ಮೇಲ್ಮೈಯ ಸ್ಕ್ರೀನಿಗೆ ಹಣ ಕೂಡಿಡುವುದು ಲೇಸು. ಅದರ ಸೂಕ್ಷ್ಮ ಗೀರುಗಳ ಮೇಲ್ಮುಖ ಕಪ್ಪು, ಕೆಳಮುಖ ಬೆಳಕು ಹಿಂದಿರುಗಿಸುವಂಥದ್ದು. ಸೀಲಿಂಗಿನ ಬೆಳಕನ್ನು ನುಂಗಿ ಪ್ರೊಜೆಕ್ಟರಿನ ಬೆಳಕನ್ನು ಕೊಡುತ್ತದೆ. ದಿಕ್ಕು ನೋಡಿ ಬೆಳಕನ್ನು ಬೇರ್ಪಡಿಸುವ ಈ ಕೆಲಸ ರೋಲರಿನಿಂದ ಸಾಧ್ಯವಿಲ್ಲ.

ಪೇಂಟ್ ಯಾವುದು? ಒಳಗೋಡೆಯ ಆಕ್ರಿಲಿಕ್ ಎಮಲ್ಷನ್, ಪೂರ್ತಿ ಮ್ಯಾಟ್. ಹೊಳಪಿದ್ದರೆ ನಡುವೆ ಪ್ರೊಜೆಕ್ಟರ್ ಬಲ್ಬಿನದೇ ಒಂದು ಬಿಳಿ ಮಚ್ಚೆ ಕುಳಿತುಬಿಡುತ್ತದೆ. ಶೇಡ್ ಕಾರ್ಡಿನಲ್ಲಿ ಎಲ್‌ಆರ್‌ವಿ ಎಂಬ ಸಂಖ್ಯೆ (ಆ ಬಣ್ಣ ಶೇಕಡಾ ಎಷ್ಟು ಬೆಳಕು ಹಿಂದಿರುಗಿಸುತ್ತದೆ ಎಂಬುದು) ಕೊಟ್ಟಿದ್ದರೆ 60ರಿಂದ 70ರ ನಡುವಿನ ಗ್ರೇ ಆರಿಸಿ. ಮನ್ಸೆಲ್ ಬಣ್ಣಪದ್ಧತಿ ತಿಳಿದವರಿಗೆ ಎನ್8 ಎಂದರೆ ಅರ್ಥವಾಗುತ್ತದೆ, ಅದು ಸುಮಾರು 59 ಶೇಕಡಾ ಬೆಳಕು ಹಿಂದಿರುಗಿಸುತ್ತದೆ. ಪ್ರೊಜೆಕ್ಟರಿನ ಬೆಳಕು 2000 ಲುಮೆನ್‌ಗಿಂತ ಕಡಿಮೆ ಇದ್ದರೆ ಗ್ರೇ ಬೇಡವೇ ಬೇಡ, ಮ್ಯಾಟ್ ಬಿಳಿಯೇ ಇರಲಿ. ಇರುವಷ್ಟರಲ್ಲಿ ಮೂರನೇ ಒಂದು ಭಾಗ ಕಳೆದುಕೊಳ್ಳುವ ಶಕ್ತಿ ಅದಕ್ಕಿಲ್ಲ.

ಬಿಳಿ ಎಮಲ್ಷನ್‌ಗೆ ಕಪ್ಪು ಸ್ಟೇನರ್ ಹನಿಸಿ ಪೇಂಟರ್ ಅಲ್ಲೇ ಗ್ರೇ ಕಲಸಿಕೊಡುತ್ತಾನೆ. ಅದನ್ನು ಒಪ್ಪಬೇಡಿ. ಕಪ್ಪು ಸ್ಟೇನರಿನ ಇಂಗಾಲ ಬಿಳಿಯೊಡನೆ ಬೆರೆತಾಗ ನೀಲಿ ಛಾಯೆಗೆ ತಿರುಗುತ್ತದೆ. ಗೋಡೆಗದು ಚೆಂದ, ಆದರೆ ಸ್ಕ್ರೀನಿನಲ್ಲಿ ಮನುಷ್ಯರ ಮೈಬಣ್ಣ ಹೆಣದಂತೆ ಕಾಣುತ್ತದೆ. ಅಂಗಡಿಯ ಟಿಂಟಿಂಗ್ ಮಷಿನ್‌ನಲ್ಲಿ ಹಾಕಿಸಿ. ಮನೆಗೆ ತಂದು ಒಂದು ರಟ್ಟಿಗೆ ಬಳಿದು, ಒಣಗಿದ ಮೇಲೆ ಬಿಳಿ ಕಾಗದದ ಪಕ್ಕ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ನೀಲಿ ಎನಿಸಿದರೆ ಹಳದಿ ಆಕ್ಸೈಡ್ ಸ್ಟೇನರ್ ಹನಿಯಲ್ಲಿ ಸರಿಮಾಡಬಹುದು.

ಗೇಟು, ಗ್ರಿಲ್ಲಿಗೆ ಬಳಿಯುವ ಸಿಲ್ವರ್ ಪೇಂಟನ್ನು ಇದಕ್ಕೆ ಬೆರೆಸುವ ಸಲಹೆ ವಿಡಿಯೋಗಳಲ್ಲಿ ಓಡಾಡುತ್ತಿದೆ. ಆ ಅಲ್ಯೂಮಿನಿಯಂ ಪೇಂಟ್ ಎಣ್ಣೆಯದ್ದು, ಎಮಲ್ಷನ್ ನೀರಿನದ್ದು, ಬೆರೆಯುವುದೇ ಇಲ್ಲ. ನೀರಿನ ಮೆಟಾಲಿಕ್ ಪೇಂಟ್ ಬಳಸಿದರೂ ರೋಲರ್ ಎಳೆದ ಪ್ರತಿ ಪಟ್ಟಿಯೂ ಮಿನುಗಿ ತೋರುತ್ತದೆ, ನಡುವೆ ಕೂತವರಿಗೆ ಉರಿಬೆಳಕು, ಪಕ್ಕದವರಿಗೆ ಮಬ್ಬು. ಸ್ಪ್ರೇ ಗನ್ನಿನಲ್ಲಿ ನುರಿತ ಕೈ ಇದ್ದವರು ಮಾತ್ರ ಅದರ ತಂಟೆಗೆ ಹೋಗಲಿ.

98 ಇಂಚಿಗೆ ಎರಡು ಕೋಟ್ ಸೇರಿ 60 ಚದರಡಿಯೂ ಆಗುವುದಿಲ್ಲ, ಒಂದು ಲೀಟರ್ ಸಾಕು. ಕೂದಲು ಗಿಡ್ಡವಿರುವ ಮೈಕ್ರೋಫೈಬರ್ ರೋಲರ್ ತನ್ನಿ. ಮೇಲಿನಿಂದ ಕೆಳತನಕ ಒಂದೇ ಎಳೆತ, ಹಸಿ ಅಂಚು ಒಣಗುವ ಮೊದಲು ಪಕ್ಕದ ಎಳೆತ. ಬೇಸಿಗೆಯಲ್ಲಿ ಫ್ಯಾನ್ ಆರಿಸಿಯೇ ಕೆಲಸ ಮಾಡಬೇಕು. ಅರ್ಧ ಒಣಗಿದ ಜಾಗವನ್ನು ಮತ್ತೆ ಮುಟ್ಟಿದರೆ ಆ ತೇಪೆ ಹೋಗುವುದಿಲ್ಲ.

ಶಾಲೆಯ ಮೇಷ್ಟ್ರುಗಳಿಗೂ ಒಂದು ಮಾತು. ಸ್ಮಾರ್ಟ್ ಕ್ಲಾಸಿನಲ್ಲಿ ಪ್ರೊಜೆಕ್ಟರನ್ನು ಮಾರ್ಕರ್‌ನಲ್ಲಿ ಬರೆಯುವ ಹೊಳಪಿನ ವೈಟ್‌ಬೋರ್ಡಿಗೆ ಬಿಡುವುದು ಎಲ್ಲೆಡೆ ಕಾಣುತ್ತೇನೆ. ಕಿಟಕಿಯ ಪ್ರತಿಬಿಂಬವೂ ಬಲ್ಬಿನ ಮಚ್ಚೆಯೂ ಒಟ್ಟಿಗೆ ಬಿದ್ದು ಪಕ್ಕದ ಬೆಂಚಿನ ಮಕ್ಕಳಿಗೆ ಅಕ್ಷರ ಕಾಣುವುದಿಲ್ಲ. ಬೋರ್ಡಿನ ಪಕ್ಕ ಆರು ಅಡಿ ಗೋಡೆ ಸಿಕ್ಕರೂ ಪುಟ್ಟಿ ಎಳೆಸಿ ಮ್ಯಾಟ್ ಬಿಳಿ ಬಳಿಸಿ, ಸುತ್ತ ಕಪ್ಪು ಅಂಚು ಕೊಡಿ. ಆ ಗೋಡೆಗೆ ತೀರಾ ಹತ್ತಿರವಿರುವ ಪಕ್ಕದ ಕಿಟಕಿಗಳೇ ಅತಿ ಹೆಚ್ಚು ಕೆಡಿಸುವುದು, ಅವಕ್ಕೆ ಮಾತ್ರ ದಪ್ಪ ಬಟ್ಟೆ ಸಾಕು. ಹಿಂದಿನ ಬೆಂಚುಗಳ ಪಕ್ಕದ ಕಿಟಕಿಗಳು ತೆರೆದೇ ಇರಲಿ, ಮಕ್ಕಳು ನೋಟ್ಸ್ ಬರೆದುಕೊಳ್ಳಬೇಕು. ಸ್ಲೈಡ್ ಮಾಡುವಾಗ ಬಿಳಿ ಹಿನ್ನೆಲೆಗೆ ಕಪ್ಪು ದೊಡ್ಡ ಅಕ್ಷರ ಬಳಸಿ, ಗಾಢ ಬಣ್ಣದ ಚಿತ್ರಗಳಿರುವ ವಿಡಿಯೋಗಳನ್ನು ಮೋಡ ಕವಿದ ದಿನಕ್ಕೋ ಕಿಟಕಿ ಪೂರ್ತಿ ಮುಚ್ಚಬಹುದಾದ ಕೋಣೆಗೋ ಇಟ್ಟುಕೊಳ್ಳಿ.