ಪದ ಪರಿಚಯ: ಸೆತ್ಸುನಾಯ್

ಜಪಾನಿನ ಪ್ರೇಮ ಸಿನಿಮಾಗಳ ಬಗ್ಗೆ ಅಲ್ಲಿಯವರು ಮಾತಾಡುವಾಗ ಒಂದು ಪದ ಮತ್ತೆ ಮತ್ತೆ ಬರುತ್ತದೆ: ಸೆತ್ಸುನಾಯ್. ಬರೀ ದುಃಖಕ್ಕೆ ಅವರಲ್ಲಿ 'ಕನಾಶೀ' ಇದೆ, ಒಂಟಿತನಕ್ಕೆ 'ಸಬಿಶೀ' ಇದೆ. ಇದು ಬೇರೆ. ಹೇಳಬೇಕಿತ್ತು, ಹೇಳಲಿಲ್ಲ. ಸಿಗುವ ಹಾಗಿತ್ತು, ಸಿಗಲಿಲ್ಲ. ಹಾಗಂತ ಮರೆಯೋಕೂ ಮನಸ್ಸಿಲ್ಲ, ನೆನಪು ಇನ್ನೂ ಸಿಹಿಯಾಗಿಯೇ ಇದೆ. ಆಗ ಆಗುವ ಸಂಕಟವೇ ಸೆತ್ಸುನಾಯ್.

ನಮ್ಮ 'ಕರುಳು ಚುರುಕ್ ಅಂತು' ಇದಕ್ಕೆ ಹತ್ತಿರ. ಆದರೆ ನಮ್ಮ ಕರುಳು ಜಾಸ್ತಿ ಚುರುಕ್ ಅನ್ನುವುದು ಬೇರೆಯವರ ಕಷ್ಟ ಕಂಡಾಗ, ಅಲ್ವಾ? ಇದು ಸ್ವಂತ ನೋವು. ಜಪಾನೀಯರು ಇದನ್ನು ಎದೆ ಹಿಂಡಿದ ಹಾಗೆ ಎಂದು ವಿವರಿಸುತ್ತಾರೆ. ಪದದ ಶುರುವಿನಲ್ಲಿರುವ ಕಾಂಜಿ (ಚೀನೀ ಮೂಲದ) ಅಕ್ಷರಕ್ಕೆ 'ಕತ್ತರಿಸು' ಎಂಬ ಅರ್ಥವಿದೆ. ಜಪಾನಿ ಭಾಷೆಯಲ್ಲಿ 'ನಾಯ್' ಅಂದರೆ 'ಇಲ್ಲ' ಎಂದೂ ಆಗುತ್ತದೆ, ಆದರೆ ಈ ಪದದ ಕೊನೆಯ 'ನಾಯ್' ಕೇಳಿ ಹಾಗಂದುಕೊಳ್ಳಬೇಡಿ. ಇಲ್ಲಿ ಅದು ಸುಮ್ನೆ ಒತ್ತು ಕೊಡುತ್ತದೆ, ಅಷ್ಟೇ.

ಶಾಲೆಯ ಹುಡುಗ ಹುಡುಗಿಯರ ಹಗುರ ಪ್ರೇಮಕಥೆಗಳಿಗೆ 'ಮುನೆ ಕ್ಯುನ್' ಎಂಬ ಇನ್ನೊಂದು ಮಾತಿದೆ. ಎದೆ ಝಲ್ ಅನ್ನುವುದು. ಅದು ಆ ಕ್ಷಣಕ್ಕೆ ಮುಗಿಯುತ್ತದೆ. ಸೆತ್ಸುನಾಯ್ ಮನೆಗೂ ಹಿಂದೆಯೇ ಬರುತ್ತದೆ.

ನಿರ್ದೇಶಕ ಶುಂಜಿ ಇವಾಯ್ ಅವರ 1995ರ ಸಿನಿಮಾ 'ಲವ್ ಲೆಟರ್' ನೋಡಿ. ಹಿರೋಕೊ ಮದುವೆಯಾಗಬೇಕಿದ್ದ ಹುಡುಗ ಬೆಟ್ಟ ಹತ್ತಲು ಹೋಗಿ ತೀರಿಕೊಂಡಿದ್ದಾನೆ. ಒತಾರು ಊರಿನ ಅವನ ಹಳೇ ವಿಳಾಸ ಎಂದುಕೊಂಡು ಅವಳು ಒಂದು ಕಾಗದ ಬರೆಯುತ್ತಾಳೆ: ಚೆನ್ನಾಗಿದ್ದೀರಾ? ನಾನು ಚೆನ್ನಾಗಿದ್ದೇನೆ. ಅದಕ್ಕೆ ಉತ್ತರ ಬರುತ್ತದೆ! ಬರೆದದ್ದು ಅವನದೇ ಹೆಸರಿನ ಒಬ್ಬ ಹೆಂಗಸು, ಶಾಲೆಯಲ್ಲಿ ಅವನ ಸಹಪಾಠಿ. ಹಿರೋಕೊ ಮತ್ತು ಈಕೆ, ಎರಡೂ ಪಾತ್ರ ನಟಿ ಮಿಹೊ ನಕಾಯಾಮಾ ಅವರದೇ. ಹಿಮದ ಬೆಟ್ಟದ ಕಡೆ ತಿರುಗಿ ಹಿರೋಕೊ ಅದೇ ಎರಡು ಸಾಲು ಕೂಗುವ ದೃಶ್ಯ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಈ ಪದ ಅರ್ಥವಾದದ್ದು ಕೊನೆಯ ದೃಶ್ಯದಲ್ಲಿ. (ಸಿನಿಮಾ ನೋಡಿಲ್ಲದವರು ಇಲ್ಲೇ ನಿಲ್ಲಿಸಿ.)

ಆ ಹುಡುಗ ಊರು ಬಿಡುವ ಮುಂಚೆ ಸಹಪಾಠಿಯ ಕೈಗೆ ಲೈಬ್ರರಿಯ ಒಂದು ಪುಸ್ತಕ ಕೊಟ್ಟು, ವಾಪಸ್ ಮಾಡು ಎಂದಿರುತ್ತಾನೆ. ಬೇರೇನೂ ಹೇಳಿರುವುದಿಲ್ಲ. ವರ್ಷಗಳಾದ ಮೇಲೆ ಅದೇ ಶಾಲೆಯ ಹುಡುಗಿಯರು ಆ ಪುಸ್ತಕ ಹಿಡಿದು ಅವಳ ಮನೆಗೆ ಬರುತ್ತಾರೆ. ಒಳಗಿನ ಕಾರ್ಡ್ ತಿರುಗಿಸಿ ನೋಡಿ ಎನ್ನುತ್ತಾರೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಚಿತ್ರ. ಶಾಲೆಯ ದಿನಗಳ ಅವಳದೇ ಮುಖ.

ಅವಳು ಏನೂ ಆಗದವಳ ಹಾಗೆ ಕಾರ್ಡನ್ನು ಜೇಬಿಗೆ ಸೇರಿಸಲು ನೋಡುತ್ತಾಳೆ. ತೊಟ್ಟ ಬಟ್ಟೆಯಲ್ಲಿ ಜೇಬೇ ಇಲ್ಲ.