ಪೆನ್ನಿಗೆ ಸೋತ ಸೈಕಲ್ ಲಾಕ್

ನಮ್ಮ ಕಡೆಯ ಸೈಕಲ್‌ಗಳ ಹಿಂದಿನ ಚಕ್ರಕ್ಕೆ ಒಂದು ಲಾಕ್ ಇರುತ್ತದೆ, ಅಲ್ವಾ? ಒತ್ತಿದರೆ ಕಬ್ಬಿಣದ ಸರಳು ಕಡ್ಡಿಗಳ ನಡುವೆ ಹೋಗಿ ಕೂರುತ್ತದೆ. ಚಕ್ರ ತಿರುಗುವುದಿಲ್ಲ, ನಿಜ. ಆದರೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯುವವನನ್ನು ಅದು ತಡೆಯದು. ಅದಕ್ಕೇ ಕಂಬಕ್ಕೆ ಸರಪಳಿ ಬಿಗಿಯುವುದು. ಸರಪಳಿಗೆ ಬೋಲ್ಟ್ ಕಟರ್ ಇದ್ದೇ ಇದೆ.

1970ರ ದಶಕದ ಆರಂಭದಲ್ಲಿ ಅಮೆರಿಕದ ಕ್ರಿಪ್ಟೊನೈಟ್ ಕಂಪನಿ ಗಟ್ಟಿ ಉಕ್ಕಿನ 'ಯು' ಆಕಾರದ ಲಾಕ್ ತಂದಿತು. 1972ರಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ ಒಂದು ಸೈಕಲ್ಲಿಗೆ ಅದನ್ನು ಹಾಕಿ ಮೂವತ್ತು ದಿನ ಬೀದಿಯಲ್ಲೇ ಬಿಟ್ಟರು. ಬಿಚ್ಚಲು ಬರುವ ಭಾಗಗಳೆಲ್ಲ ಮಾಯವಾದವು. ಲಾಕ್ ಮಾತ್ರ ಜಗ್ಗಲಿಲ್ಲ. ಜಾಹೀರಾತಿಗೆ ಇನ್ನೇನು ಬೇಕು!

ಮುಂದೆ ಇಂಥ ಲಾಕ್‌ಗಳಿಗೆ ದುಂಡನೆಯ ಕೀಲಿರಂಧ್ರ ಬಂತು. ಅದರೊಳಗೆ ಸುತ್ತಲೂ ಸಣ್ಣ ಸಣ್ಣ ಪಿನ್ನುಗಳು, ಪ್ರತಿ ಪಿನ್ನಿನ ಹಿಂದೆ ಒಂದು ಸ್ಪ್ರಿಂಗು. ಕೊಳವೆಯಂಥ ಕೀಲಿಯ ಅಂಚಿನಲ್ಲಿ ಬೇರೆ ಬೇರೆ ಆಳದ ಕಚ್ಚುಗಳಿರುತ್ತವೆ. ಅವು ಒಂದೊಂದು ಪಿನ್ನನ್ನೂ ಸರಿಯಾಗಿ ಅದರ ಜಾಗಕ್ಕೆ ತಳ್ಳಿದಾಗ ಲಾಕ್ ತಿರುಗುತ್ತದೆ. 2004ರಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ವಿಡಿಯೊ ಬಂತು. ಅದರಲ್ಲಿ ಕೀಲಿಯ ಬದಲು ಬಿಕ್ ಬಾಲ್‌ಪೆನ್ನಿನ ಖಾಲಿ ಕೊಳವೆ! ಅಳತೆ ಹೆಚ್ಚುಕಡಿಮೆ ಒಂದೇ, ಪ್ಲಾಸ್ಟಿಕ್ಕೂ ಮೆತ್ತಗಿತ್ತು. ಅದನ್ನು ಒತ್ತಿ ಅತ್ತಿತ್ತ ಅಲುಗಾಡಿಸಿದರೆ ಪಿನ್ನುಗಳೇ ತಮಗೆ ಬೇಕಾದಷ್ಟು ಆಳಕ್ಕೆ ಪ್ಲಾಸ್ಟಿಕ್ಕನ್ನು ತಗ್ಗಿಸಿಕೊಳ್ಳುತ್ತಿದ್ದವು. ಅಂದರೆ ತನ್ನ ಕಳ್ಳಕೀಲಿಯನ್ನು ಲಾಕೇ ಮಾಡಿಕೊಡುತ್ತಿತ್ತು. ತಮಾಷೆಯೆಂದರೆ, ಈ ದೋಷದ ಬಗ್ಗೆ ಬ್ರಿಟನ್ನಿನ ಸೈಕಲ್ ಪತ್ರಿಕೆಯೊಂದು 1992ರಲ್ಲೇ ಬರೆದಿತ್ತು. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವಿಡಿಯೊ ಬಂದ ಮೇಲೆ ಕಂಪನಿ ಲಕ್ಷಗಟ್ಟಲೆ ಲಾಕ್‌ಗಳನ್ನು ಪುಕ್ಕಟೆಯಾಗಿ ಬದಲಿಸಿಕೊಡಬೇಕಾಯಿತು.

ಆಮೇಲೆ ಬಿಲ್ಲೆಗಳಿರುವ ಲಾಕ್‌ಗಳು ಜಾಸ್ತಿಯಾದವು. ಇದು ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲೇ ಕಂಡುಹಿಡಿದ ಉಪಾಯ. ಇಲ್ಲಿ ತಳ್ಳುವ ಪಿನ್ನುಗಳಿಲ್ಲ. ಕೀಲಿ ಒಂದೊಂದು ಬಿಲ್ಲೆಯನ್ನೂ ಒಂದೊಂದು ಕೋನಕ್ಕೆ ತಿರುಗಿಸಿ ಎಲ್ಲದರ ಕಚ್ಚುಗಳನ್ನು ಒಂದೇ ಸಾಲಿಗೆ ತರಬೇಕು. ಪೆನ್ನಿನ ಆಟ ಇಲ್ಲಿ ನಡೆಯುವುದಿಲ್ಲ.

ಈಗಿನ ಕಳ್ಳರಿಗಂತೂ ಕೀಲಿರಂಧ್ರದ ಗೊಡವೆಯೇ ಬೇಡ. ತಿರುಗುವ ಬಿಲ್ಲೆಯಿಂದ ಲೋಹ ಕೊಯ್ಯುವ ಬ್ಯಾಟರಿ ಗ್ರೈಂಡರ್ ಹಿಡಿದು ಬರುತ್ತಾರೆ. ಉಕ್ಕು ಎಷ್ಟೇ ಗಟ್ಟಿಯಿದ್ದರೂ ಅದರ ಮುಂದೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಹಿಪ್‌ಲಾಕ್ ಡಿ1000 ಎಂಬ ಬ್ರಿಟಿಷ್ ಲಾಕಿನಲ್ಲಿ ಉಕ್ಕಿನ ಮೇಲೆ ಗ್ರಾಫೀನ್ (ಇಂಗಾಲದ ಬಲು ಗಟ್ಟಿಯಾದ ರೂಪ) ಬೆರೆಸಿದ ಮಿಶ್ರವಸ್ತುವಿನ ಹೊದಿಕೆ ಇದೆ. ಕೊಯ್ಯಲು ಹೋದರೆ ಲಾಕಿಗಿಂತ ಮೊದಲು ಗ್ರೈಂಡರಿನ ಬಿಲ್ಲೆಯೇ ಸವೆದು ಹೋಗುತ್ತದೆ. ಬಿಲ್ಲೆ ಬದಲಿಸುತ್ತ ಕೂರಲು ಕಳ್ಳನಿಗೆ ಪುರುಸೊತ್ತೆಲ್ಲಿ? ಆದರೆ ಅವನು ಲಾಕನ್ನು ಬಿಟ್ಟು ಅದನ್ನು ಕಟ್ಟಿದ ಸ್ಟ್ಯಾಂಡನ್ನೇ ಕೊಯ್ಯಬಹುದು. ಅದು ಬಹಳ ಕಡೆ ಇನ್ನೂ ಮಾಮೂಲಿ ಕಬ್ಬಿಣದ ಪೈಪು.