ನೀರಿಳಿದಾಗ ಕಾಣುವ ಕಾಡು

ಮುಲ್ಲಪೆರಿಯಾರ್ ಅಣೆಕಟ್ಟೆಯಲ್ಲಿ ನೀರು 140 ಅಡಿಯ ಆಸುಪಾಸಿನಲ್ಲಿರುವಾಗ, ಅಂದರೆ ಬಹುತೇಕ ತುಂಬಿರುವಾಗ, ಅದರ ಹಿನ್ನೀರಿನಲ್ಲಿ ದೋಣಿಯೇರಿ ಕಾಡುಪ್ರಾಣಿ ನೋಡುವ ತೇಕ್ಕಡಿಗೆ ಹೋದವರು ಬಹುಮಟ್ಟಿಗೆ ನೀರನ್ನೇ ನೋಡಿಕೊಂಡು ಬರುತ್ತಾರೆ. ಆನೆ ಕಾಣಲಿಲ್ಲವೆಂದು ದೋಣಿಯವರನ್ನು ಬೈದು ಪ್ರಯೋಜನವಿಲ್ಲ. ಕೇರಳದ ಪೆರಿಯಾರ್ ಹುಲಿ ಮೀಸಲು ಪ್ರದೇಶದ ವಿಸ್ತಾರ 925 ಚದರ ಕಿಲೋಮೀಟರ್. ಅದರೊಳಗೆ, 1895ರ ಈ ಅಣೆಕಟ್ಟೆಯ ಹಿನ್ನೀರು ಸುಮಾರು 26 ಚದರ ಕಿಲೋಮೀಟರ್ ಹರಡಿದೆ. ಕೆರೆ ತುಂಬಿದಾಗ ಅಲೆ ನೇರ ಮರಗಳ ಬುಡಕ್ಕೇ ಬಡಿಯುತ್ತದೆ. ಪ್ರಾಣಿ ಬಂದು ನಿಲ್ಲಲು ಬಯಲೇ ಇರುವುದಿಲ್ಲ.

ಮಳೆಕಾಡಿನಲ್ಲಿ ಜೀವಿಗಳು ಹೇರಳ, ಕಣ್ಣಿಗೆ ಬೀಳುವವು ವಿರಳ. ಮೂವತ್ತು ಮೀಟರ್ ಎತ್ತರದ ಹಸಿರು ಚಪ್ಪರ ಬಿಸಿಲನ್ನೆಲ್ಲ ಹೀರಿಕೊಂಡು, ನೆಲಕ್ಕೆ ನೂರರಲ್ಲಿ ಒಂದೆರಡು ಪಾಲು ಬಿಟ್ಟುಕೊಟ್ಟರೆ ಹೆಚ್ಚು. ಅಷ್ಟು ಬೆಳಕಿಗೆ ಹುಲ್ಲು ಬಾರದು. ಚಿಗುರು, ಹಣ್ಣು ಮೇಲಂತಸ್ತಿನಲ್ಲಿರುವುದರಿಂದ ನೀಲಗಿರಿ ಮುಸುವ, ಕೆಂಜಳಿಲು, ಮಂಗಟ್ಟೆಗಳ ಸಂಸಾರವೂ ಅಲ್ಲೇ. ಆನೆ, ಕಾಟಿ, ಕಡವೆಗಳು ಮಾತ್ರ ಹುಲ್ಲು ಹುಡುಕಬೇಕು.

ಆ ಹುಲ್ಲನ್ನು ಒದಗಿಸುವುದು ಇಳಿಯುವ ನೀರು. ಇಲ್ಲಿ ಮುಂಗಾರೂ ಉಂಟು, ಹಿಂಗಾರೂ ಉಂಟು. ಡಿಸೆಂಬರ್ ದಾಟಿದ ಮೇಲೆ ಒಳಹರಿವು ಕ್ಷೀಣಿಸುತ್ತದೆ, ಸುರಂಗದ ಮೂಲಕ ತಮಿಳುನಾಡಿನ ಹೊಲಗಳಿಗೆ ನೀರು ಹೋಗುತ್ತಲೇ ಇರುತ್ತದೆ. ದಡ ಇಪ್ಪತ್ತು ಅಡಿಗೆ ಒಂದಡಿಯಂತೆ ಇಳಿಜಾರಾಗಿದ್ದರೆ, ಮಟ್ಟ ಒಂದಡಿ ತಗ್ಗಿದಾಗ ಇಪ್ಪತ್ತಡಿ ಅಗಲದ ಹಸಿ ಮಣ್ಣು ಬಯಲಾಗುತ್ತದೆ. ಬಿಸಿಲು ಬಿದ್ದದ್ದೇ ಎಳೆ ಹುಲ್ಲು ಏಳುತ್ತದೆ. ಬಲಿತ ಹುಲ್ಲಿಗಿಂತ ಇದರಲ್ಲಿ ನಾರು ಕಡಿಮೆ, ಪ್ರೋಟೀನು ಜಾಸ್ತಿ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಆನೆ ಹಿಂಡುಗಳು ಇಳಿಯುವುದೂ ಇದೇ ಲೆಕ್ಕದಲ್ಲಿ. ಅಲ್ಲಿ ಸುತ್ತ ಎಲೆಯುದುರುವ ಕಾಡು, ಅಷ್ಟೇ ವ್ಯತ್ಯಾಸ. ಹಾಗಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಆದರೆ ನಡುವೆ ಎರಡು ದಿನ ಜೋರು ಮಳೆ ಬಿದ್ದರೆ ಕಾಡೊಳಗಿನ ಹೊಂಡಗಳು ತುಂಬಿ ಪ್ರಾಣಿಗಳು ಒಳಗೇ ಉಳಿಯಬಹುದು. ಹೊರಡುವ ಮುನ್ನ ಅಣೆಕಟ್ಟೆಯ ಮಟ್ಟವನ್ನೂ ಹಿಂದಿನ ವಾರದ ಮಳೆಯನ್ನೂ ವಿಚಾರಿಸಿಕೊಳ್ಳಿ.

ದೋಣಿಯಲ್ಲಿ ಬೆಳಗಿನ ಮೊದಲ ಸರದಿ ಹಿಡಿಯಿರಿ, ಇಲ್ಲವೇ ಸಂಜೆಗೆ ಹತ್ತಿರದ್ದು. ನಡು ಹಗಲಿನಲ್ಲಿ ಕಾಟಿಯೂ ನೆರಳಿಗೆ ಸರಿದಿರುತ್ತದೆ. ದುರ್ಬೀನು 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು) ಸಾಕು. ಅದೇ ಅಳತೆಯ ಮಸೂರದ ಹತ್ತು ಪಟ್ಟಿನದು ಎಂಜಿನ್ನಿನ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ, ಮಬ್ಬಿನಲ್ಲಿ ಕಣ್ಣಿಗೆ ಕೊಡುವ ಬೆಳಕೂ ಕಡಿಮೆ.

ನೀರಿನಿಂದ ಎದ್ದು ನಿಂತ ಕರಿ ಬೊಡ್ಡೆಗಳನ್ನು ಮರೆಯದೆ ನೋಡಿ. ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಮರಗಳವು. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಆಮ್ಲಜನಕ ಬೇಕು. ನೀರಡಿಯಲ್ಲಿ ಅದು ಸಾಲದು, ಅದಕ್ಕೇ ಇವು ಇನ್ನೂ ಉಳಿದಿವೆ. ಸುತ್ತ ನೀರಿರುವವರೆಗೆ ನೆಲದ ಬೇಟೆಗಾರರು ಹತ್ತಿರ ಸುಳಿಯುವುದು ಕಷ್ಟವಾದ್ದರಿಂದ ನೀರುಕಾಗೆ, ಹಾವಕ್ಕಿಗಳು ಇವುಗಳ ಮೇಲೆಯೇ ಗೂಡು ಕಟ್ಟುತ್ತವೆ.

ಪ್ರಾಣಿ ಕಂಡಾಗ ಎಲ್ಲರೂ ಎದ್ದು ಒಂದೇ ಬದಿಗೆ ನುಗ್ಗುವುದು ಬಹಳ ಕೆಟ್ಟ ಅಭ್ಯಾಸ. ನಿಂತವರ ಭಾರದಿಂದ ದೋಣಿಯ ಗುರುತ್ವ ಕೇಂದ್ರ ಮೇಲೇರುತ್ತದೆ, ಪಕ್ಕಕ್ಕೂ ಸರಿಯುತ್ತದೆ. ಮೇಲಂತಸ್ತು ಇರುವ ದೋಣಿಗಂತೂ ಅಪಾಯ ಇಮ್ಮಡಿ. 2009ರ ಸೆಪ್ಟೆಂಬರ್ 30ರಂದು ಇದೇ ಕೆರೆಯಲ್ಲಿ ದೋಣಿ ಮಗುಚಿ 45 ಮಂದಿ ಸತ್ತರು. ಜೀವರಕ್ಷಕ ಅಂಗಿಯ ಪಟ್ಟಿಗಳನ್ನು ಫೋಟೊ ಚೆಂದ ಬರಲೆಂದು ಬಿಚ್ಚಬೇಡಿ.

ಕಾಲ್ನಡಿಗೆಯಲ್ಲಿ ಹೋಗುವುದಾದರೆ ಅರಣ್ಯ ಇಲಾಖೆಯ ಮಾರ್ಗದರ್ಶಿ ಜೊತೆಗಿರಲೇಬೇಕು. ಇಡೀ ದಿನ ನಡೆಯುವ ಹಟಕ್ಕಿಂತ ಹಣ್ಣು ಬಿಟ್ಟ ಅತ್ತಿಮರದ ಕೆಳಗೆ ಒಂದು ಗಂಟೆ ಕೂತರೆ ಲಾಭ ಹೆಚ್ಚು. ಮಂಗಟ್ಟೆ ಬಂದರೆ ಮೊದಲು ಕೇಳಿಸುವುದು ರೆಕ್ಕೆಯ ಬುಸುಬುಸು ಸದ್ದು. ಮಳೆಗಾಲದಲ್ಲಿ ಹೀಗೆ ಕೂರಲು ಇಂಬಳಗಳು ಬಿಡುವುದಿಲ್ಲ. ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಹೆಜ್ಜೆಯ ಕಂಪನ ಹಿಡಿದು ಬರುತ್ತವೆ. ಒತ್ತು ನೇಯ್ಗೆಯ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಎಳೆದು ಬಿಗಿಯಿರಿ. ಕಚ್ಚಿದ್ದನ್ನು ಬೆಂಕಿಯಿಂದ ಸುಡಬೇಡಿ; ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕೀತು. ಸಣ್ಣ ತುದಿಯ ಅಡಿಗೆ ಉಗುರು ತೂರಿಸಿ ಜಾರಿಸಿ. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ ಅದು ಬಿದ್ದ ಮೇಲೂ ಗಂಟೆಗಟ್ಟಲೆ ರಕ್ತ ಜಿನುಗಬಹುದು. ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು.